ಡಾಕ್ಟರಮ್ಮನ ಮುಂದ ಪೈಲ್ವಾನ ಆದ ನಮ್ಮ ಮಾವ

ದೋಸ್ತರ, ಇವತ್ತು ಗಂಗಾವತಿ ಅಂಗವಿಕಲರ ತಪಾಸಣಾ ಕ್ಯಾಂಪಿನ್ಯಾಗ ನಮ್ಮ ಸೋದರಮಾವ ಮಾನ ತಗದ ನೋಡ್ರಿ.

ಮಾವ ಕಾರಟಗಿ ರೈಸ್ ಮಿಲ್ಲಿನ್ಯಾಗ ಹಮಾಲ ಇದ್ದ. ಹೋದ ವರ್ಷ ಅಕ್ಕಿ ಚೀಲ ಮೈಮ್ಯಾಲ ಬಿದ್ದು ಬಲಗೈ ಕೆಲಸಕ್ಕ ಬರದಂಗ ಆತು. ಅಂಗವಿಕಲರ ಪಿಂಚಣಿ ಬೇಕಂದ್ರ ಕೈ ಎಷ್ಟು ಆಡ್ತೈತಿ ಅಂತ ಡಾಕ್ಟರ್ ತಪಾಸ ಮಾಡಿ ಸರ್ಟಿಫಿಕೇಟ್ ಕೊಡಬೇಕು. ಅದಕ್ಕ ನಾನು, ಅತ್ತಿ ಕೂಡಿ ಮಾವನ್ನ ಕರ್ಕೊಂಡು ಹೋಗಿದ್ವಿ.

ಡಾಕ್ಟರಮ್ಮ ಕೇಳಿದ್ರು, "ಕೈಲೆ ಕೆಲಸ ಆಗ್ತಾವೇನ್ರಿ?"

ಮಾವ ಎದಿ ಉಬ್ಬಿಸಿ, "ಯಾಕಾಗಂಗಿಲ್ರಿ?" ಅಂದ.

"ಚೀಲ ಎತ್ತತೀರಿ?"

"ಬೇಕಾದ್ರ ಎರಡು ಎತ್ತತೀನ್ರಿ!"

ನಾ ಮೆಲ್ಲಕ ಅವನ ಕಾಲು ತುಳದೆ. "ಲೇ, ಕಾಲ್ಯಾಕ ತುಳಿತಿ?" ಅಂತ ಎಲ್ಲಾರಿಗೂ ಕೇಳಂಗ ಒದರಿದ.

ಆಗ ಅತ್ತಿ ಮುಂದ ಬಂದಳು. "ಮೇಡಂ, ಇವರ ಅಂಗಿ ಗುಂಡಿ ದಿನಾ ನಾನ ಹಾಕತೀನ್ರಿ. ಬಲಗೈಲೆ ಒಂದು ಬಿಚ್ಚಂತ ಹೇಳ್ರಿ."

ಮಾವ ಭಾಳ ಹೊತ್ತು ತಿಣಕಿದ. ಗುಂಡಿ ಬಿಚ್ಚಲಿಲ್ಲ. ಮಾರಿ ಸಣ್ಣದು ಮಾಡ್ಕೊಂಡು ನೆಲ ನೋಡಿದ. ಡಾಕ್ಟರಮ್ಮ ಅದನ್ನ ಕಾಗದದಾಗ ಬರಕೊಂಡ್ರು.

ಹೊರಗ ಬಂದ ಮ್ಯಾಲ ಮಾವ, "ನನ್ನ ಮರ್ಯಾದಿ ಕಳದಿ" ಅಂತ ಅತ್ತಿ ಮ್ಯಾಲ ಸಿಟ್ಟಾದ.

"ಮರ್ಯಾದಿ ಹೋಗ್ಲಿ, ಪಿಂಚಣಿ ಬರ್ಲಿ" ಅಂದಳು ಅತ್ತಿ.

ಸರ್ಕಾರಕ್ಕ ನಂದೊಂದು ವಿನಂತಿ: ಗಂಡಸರನ್ನ ತಪಾಸ ಮಾಡೋ ಮುಂದ ಡಾಕ್ಟರ್ ಬಾಜೂಕ ಹೆಂಡತಿಗೂ ಒಂದು ಕುರ್ಚಿ ಹಾಕಸ್ರಿ.