ಮೂವತ್ತರವರೆಗೆ ಎಣಿಸುತ್ತಿದ್ದ ಈನಾಕ್

ಈನಾಕ್ ಟನಿಕ್ಲಿಫ್ ತೀರಿಕೊಂಡಾಗ ನಮ್ಮ ಕಂಪ್ಯೂಟರ್ ಕ್ಲಬ್ಬಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಹುಟ್ಟಿದ್ದು ಇಲ್ಲೇ ಇಂಗ್ಲೆಂಡಿನ ಬರ್ಸ್ಲೆಮ್‌ನಲ್ಲಿ, ಪಿಂಗಾಣಿ ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸ, ಕೆಲವು ವರ್ಷ ಕ್ಲಬ್ಬಿನ ಡಿಸ್ಕ್ ಭಂಡಾರ ನೋಡಿಕೊಂಡಿದ್ದರು, ಅಂತ್ಯಕ್ರಿಯೆ ಮಂಗಳವಾರ. ಅಷ್ಟೇ. ಅದನ್ನು ಬರೆದವನ ಕೈ ಮುರಿಯಬೇಕೆನ್ನಿಸಿತು. ನನ್ನ ಕೈ ಮಾಡಿದ್ದೇನು ಕಡಿಮೆಯೇ ಎಂದು ನೆನಪಾಗಿ ಕೂತೆ.

ನಾನು ಹದಿನೈದಕ್ಕೇ ಶಾಲೆ ಬಿಟ್ಟವನು, ಬರೆದು ಅಭ್ಯಾಸವಿಲ್ಲ. ಆದರೆ ಈನಾಕ್‌ನ ವಿಷಯ ಪೂರ್ತಿ ಗೊತ್ತಿರುವವನು ಕ್ಲಬ್ಬಿನಲ್ಲಿ ಈಗ ನಾನೊಬ್ಬನೇ.

ಅವನು ಹದಿನಾಲ್ಕಕ್ಕೆ ಕಾರ್ಖಾನೆ ಸೇರಿದ. ನಲವತ್ತನಾಲ್ಕು ವರ್ಷ ಪ್ಲಾಸ್ಟರಿನ ಅಚ್ಚು ಮಾಡಿದ. ಅವನ ಒಂದು ಅಚ್ಚಿನಿಂದ ನೂರಾರು ಬಟ್ಟಲು ಹುಟ್ಟುತ್ತಿದ್ದವು. ಬಟ್ಟಲಿನ ತಳದಲ್ಲಿ ಕಾರ್ಖಾನೆಯ ಹೆಸರಿರುತ್ತದೆ, ಹೂವು ಬರೆದ ಹೆಂಗಸಿನ ಗುರುತಿರುತ್ತದೆ. ಅಚ್ಚು ಮಾಡಿದವನದು ಏನೂ ಇರುವುದಿಲ್ಲ. ಐವತ್ತೆಂಟಕ್ಕೆ ಎದೆ ತುಂಬ ಧೂಳು ಕೊಟ್ಟು ಮನೆಗೆ ಕಳಿಸಿದರು.

ಮನೆಯಲ್ಲಿ ಸುಮ್ಮನೆ ಕೂತವನಲ್ಲ. ಒಂದು ಕಂಪ್ಯೂಟರ್ ತಂದು ಮುಂದಿನ ಕೋಣೆಯಲ್ಲಿಟ್ಟುಕೊಂಡ. ಹೆಂಡತಿ ಏಡಾಗಾಗಿ ಹೆಣಿಗೆಯ ನಕ್ಷೆ ಬರೆಯುವ ಪ್ರೋಗ್ರಾಮ್ ಮಾಡಿದ. ಅದರ ಜೊತೆ ಒಂದು ಪುಟ: ‘ಇದು ನಿಮ್ಮದು. ಯಾರಿಗೆ ಬೇಕಾದರೂ ಕೊಡಿ. ನನ್ನ ಹೆಸರು ಮಾತ್ರ ಅಳಿಸಬೇಡಿ. ತಪ್ಪಿದ್ದರೆ ಫೋನ್ ಮಾಡಿ.’ ಕೆಳಗೆ ಮನೆಯ ನಂಬರು. ಸ್ಕಾಟ್ಲೆಂಡಿನ ತುದಿಯಿಂದಲೂ ಫೋನ್ ಬರುತ್ತಿತ್ತು. ಕೆಮ್ಮು ಬಿಟ್ಟ ಗಳಿಗೆಯಲ್ಲಿ ಉತ್ತರ ಹೇಳುತ್ತಿದ್ದ. ಬೇರೆಯವರೂ ಹೀಗೆ ಬಿಟ್ಟಿಯಾಗಿ ಬಿಟ್ಟ ಪ್ರೋಗ್ರಾಮ್‌ಗಳನ್ನು ಕೂಡಿಸಿ ನಾನೂರಕ್ಕೂ ಹೆಚ್ಚು ಡಿಸ್ಕ್‌ಗಳ ಭಂಡಾರ ಕಟ್ಟಿದ. ಖಾಲಿ ಡಿಸ್ಕ್ ಮತ್ತು ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಿದರೆ ನಕಲು ಮಾಡಿ ಹಿಂದಿರುಗಿಸುತ್ತಿದ್ದ. ಅಂಗಡಿಯಲ್ಲಿ ಮಾರುವ ಆಟಗಳ ಕದ್ದ ನಕಲನ್ನು ಮುಟ್ಟುತ್ತಿರಲಿಲ್ಲ. ಮಾಡಿದವನೇ ಕೊಟ್ಟದ್ದನ್ನು ಮಾತ್ರ ಹಂಚಬೇಕು ಎಂಬುದು ಅವನ ಹಟ. ಕ್ಲಬ್ಬಿನ ಕಾನೂನೂ ಅದೇ ಆಯಿತು: ಕದ್ದ ಮಾಲು ತಂದವನು ಹೊರಗೆ.

ನನಗೆ ಅವನ ಪರಿಚಯವಾದದ್ದು ನನ್ನ ಸಿಟ್ಟಿನಿಂದ. ಹಳೆಯದೊಂದು ಕಂಪ್ಯೂಟರ್ ಕೊಂಡಿದ್ದೆ. ಅದು ಮೂರು ದಿನ ಆಟ ಆಡಿಸಿತು. ನಾಲ್ಕನೇ ದಿನ ಅದನ್ನು ಎತ್ತಿ ಕಿಟಕಿಯಿಂದ ಎಸೆಯುವುದರಲ್ಲಿದ್ದೆ. ನನ್ನ ಹೆಂಡತಿ ಅವನಿಗೆ ಫೋನ್ ಮಾಡಿಬಿಟ್ಟಳು. ಏರುದಾರಿಯಲ್ಲಿ ಮೂರು ಕಡೆ ನಿಂತು ಕೆಮ್ಮಿ ಬಂದ. ಪ್ಲಗ್ ಕಿತ್ತ. ಕಣ್ಣು ಮುಚ್ಚಿ ಒಂದು, ಎರಡು, ಮೂರು ಎಂದು ಎಣಿಸತೊಡಗಿದ.

“ಏನಯ್ಯ, ಪ್ರಾರ್ಥನೆ ಮಾಡ್ತಿದೀಯಾ?” ಎಂದೆ.

ಅವನು ಮೂವತ್ತರವರೆಗೆ ಎಣಿಸಿ ಮುಗಿಸಿದ. ಆಮೇಲೆ ಪ್ಲಗ್ ಚುಚ್ಚಿದ. ಯಂತ್ರ ಸರಿಯಾಗಿ ಎದ್ದಿತು.

“ಕೀಬೋರ್ಡಿನ ಮೂರು ಗುಂಡಿ ಒಟ್ಟಿಗೆ ಒತ್ತಿ ಎಬ್ಬಿಸಿದ್ರೆ ಅದಕ್ಕೆ ಹಳೇದೆಲ್ಲ ನೆನಪಿರತ್ತೆ, ಡಕ್,” ಎಂದ. ನಮ್ಮೂರ ಬಾಯಲ್ಲಿ ಸಲಿಗೆಗೆ ಎಲ್ಲರೂ ಡಕ್. “ಹಿಂದಿನ ಡಿಸ್ಕಿನ ಕೊಳಕು ಒಳಗೇ ಕೂತಿರತ್ತೆ. ಕರೆಂಟ್ ಪೂರ್ತಿ ತೆಗೀಬೇಕು, ಮೂವತ್ತು ಎಣಿಸ್ಬೇಕು. ಆಗ ಎಲ್ಲ ಮರ್ತೋಗತ್ತೆ.”

“ಮೂವತ್ತಾ? ಅಷ್ಟೊತ್ತಿಗೆ ನಾನು ಒಂದು ಗ್ಲಾಸ್ ಬಿಯರ್ ಮುಗಿಸ್ತೀನಿ.”

“ಅದ್ಕೇ ಹೇಳ್ತಿರೋದು ಕ್ಲೈವ್. ಎಣಿಸೋದು ಯಂತ್ರಕ್ಕಿಂತ ನಿನಗೇ ಜಾಸ್ತಿ ಬೇಕಾಗಿದೆ.”

ನನ್ನ ಹೆಂಡತಿ ನಕ್ಕಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಆವತ್ತು ಒಳಗೆ ಚೀಸ್ ಇಟ್ಟು ಸುತ್ತಿದ ಓಟ್ಸ್ ದೋಸೆ ಎರಡು ತಿಂದು ಹೋದ. ಆಮೇಲಿನ ಎರಡು ವರ್ಷ ನಾನು ಫೋನ್ ಮಾಡಿದಾಗಲೆಲ್ಲ ಬಂದ.

ಕ್ಲಬ್ ಸೇರುತ್ತಿದ್ದದ್ದು ಗುರುವಾರ ಸಂಜೆ, ಚರ್ಚಿನ ಹಾಲ್‌ನಲ್ಲಿ. ಎಲ್ಲರೂ ಬಳಸಲೆಂದು ಈನಾಕ್ ತನ್ನ ಯಂತ್ರವನ್ನೇ ತಂದು ನಡುವಿನ ಮೇಜಿನ ಮೇಲಿಡುತ್ತಿದ್ದ. ಎಂಬತ್ತೊಂಬತ್ತರ ನವೆಂಬರಿನ ಆ ಗುರುವಾರ ಅವನು ಅಡುಗೆಮನೆಯಲ್ಲಿ ಟೀ ಬಸಿಯುತ್ತಿದ್ದ. ನನ್ನ ಕೋಟಿನ ಜೇಬಿನಲ್ಲಿ ಹೋಟೆಲಿನಲ್ಲಿ ಒಬ್ಬ ಕೊಟ್ಟ ಕದ್ದ ಆಟವಿತ್ತು. ಇಬ್ಬರು ಗೆಳೆಯರಿಗೆ ತೋರಿಸುವ ಚಪಲ. ಅವನ ಯಂತ್ರಕ್ಕೇ ಹಾಕಿ ಐದು ನಿಮಿಷ ಆಡಿದೆ. ಯಾರೋ ಬರುವ ಬೂಟುಗಳ ಸಪ್ಪಳ ಕೇಳಿ ಡಿಸ್ಕ್ ಕಿತ್ತು ಜೇಬಿಗೆ ಹಾಕಿ, ಮೂರು ಗುಂಡಿ ಒತ್ತಿ ಎದ್ದೆ. ಕರೆಂಟ್ ತೆಗೆಯಲಿಲ್ಲ. ಎಣಿಸಲೂ ಇಲ್ಲ.

ನನ್ನ ನಂತರ ಕೂತವರು ಮಿಸೆಸ್ ಕೋಕ್ಲಿ. ನಿವೃತ್ತ ಶಾಲಾ ಶಿಕ್ಷಕಿ. ರಸ್ತೆ ಅಗಲ ಮಾಡಲು ಕಿತ್ತುಹಾಕಿದ ಸ್ಮಶಾನದಲ್ಲಿ, ಗೋರಿಕಲ್ಲುಗಳನ್ನು ಒಯ್ಯುವ ಮೊದಲು, ಎರಡು ಚಳಿಗಾಲ ಮಂಡಿಯೂರಿ ಪಾಚಿ ಉಜ್ಜಿ ಪ್ರತಿ ಕಲ್ಲಿನ ಹೆಸರನ್ನೂ ಬರೆದುಕೊಂಡು ಕಂಪ್ಯೂಟರಿಗೆ ಹಾಕಿದ್ದರು. ಬರೆದ ಚೀಟಿಗಳನ್ನು ಒಲೆಗೆ ಹಾಕಿ ಆಗಿತ್ತು. ಕಲ್ಲುಗಳು ಪುಡಿಯಾಗಿ ರಸ್ತೆಯ ಅಡಿಗೆ ಹೋಗಿದ್ದವು. ಸಾವಿರದ ಇನ್ನೂರು ಹೆಸರು ಇದ್ದದ್ದು ಒಂದು ಡಿಸ್ಕಿನಲ್ಲಿ, ಮತ್ತು ಈನಾಕ್ ಕಾಟ ಕೊಟ್ಟು ಮಾಡಿಸಿದ ಅದರ ನಕಲಿನಲ್ಲಿ.

ಅವರು ಡಿಸ್ಕ್ ಹಾಕಿದರು. ಸ್ವಲ್ಪ ಹೊತ್ತಿಗೆ ಪರದೆಯ ತುಂಬ ‘ಪೆದ್ದ ಪೆದ್ದ ಪೆದ್ದ’ ಎಂದು ಒಂದೇ ಮಾತು. ಹೆಸರುಗಳ ಜಾಗದಲ್ಲೆಲ್ಲ ಅದೇ.

“ಅಯ್ಯೋ, ಇದೇನಿದು? ಇರಲಿ, ನಕಲು ಇದೆ,” ಎಂದು ಕೈಚೀಲದಿಂದ ಎರಡನೆಯದನ್ನು ತೆಗೆದು ಹಾಕಿದರು. ಯಂತ್ರ ಒಪ್ಪಲಿಲ್ಲ. ಡಿಸ್ಕಿನ ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ ಇರುತ್ತದೆ. ಅದು ತೆರೆದಿದ್ದರೆ ಡಿಸ್ಕಿನ ಮೇಲೆ ಯಾರೂ ಏನೂ ಬರೆಯಲಾಗದು. ನಕಲಿನ ಕಿಟಕಿಯನ್ನು ಈನಾಕ್ ತೆರೆದೇ ಇಟ್ಟಿದ್ದ.

“ಕ್ಲೈವ್, ಬರೆಯೋಕೆ ಆಗ್ತಿಲ್ಲ ಅಂತಿದೆಯಲ್ಲ. ಏನ್ಮಾಡ್ಲಿ?” ಎಂದರು.

“ಕಿಟಕಿ ಮುಚ್ಚಿ ಹಾಕಿ, ಅಷ್ಟೇ. ಅದಕ್ಕೇನು ಸಭೆ ಕರೀಬೇಕಾ?” ಎಂದೆ.

ಮುಚ್ಚಿದರು. ಹಾಕಿದರು. ಅಡುಗೆಮನೆಯ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ಬಂದ ಈನಾಕ್ “ಬೇಡ! ಮಿಸೆಸ್ ಕೋಕ್ಲಿ, ಬೇಡ!” ಎಂದು ಕೂಗಿದ. ಕೂಗಿಗೆ ಕೆಮ್ಮು ಬಂದು ತಟ್ಟೆ ಕೆಳಗೆ ಬಿತ್ತು. ಆ ಹೊತ್ತಿಗೆ ಎರಡನೆಯದೂ ಹೋಗಿತ್ತು.

ಅವರು ಅಳಲಿಲ್ಲ. ಎರಡೂ ಡಿಸ್ಕ್‌ಗಳನ್ನು ಈನಾಕ್‌ನ ಕೈಗೆ ಕೊಟ್ಟು, ಕೋಟು ಹಾಕಿಕೊಂಡು ಹೊರಟುಹೋದರು.

ಮುಂದಿನ ಗುರುವಾರ ಹಾಲ್ ತುಂಬಿತ್ತು. ಯಾರೋ ಕಿಡಿಗೇಡಿ ಬರೆದುಬಿಟ್ಟ ವೈರಸ್ ಅದು, ಡಿಸ್ಕಿನಿಂದ ಡಿಸ್ಕಿಗೆ ಹತ್ತುತ್ತದೆ ಎಂಬುದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಯಂತ್ರ ಈನಾಕ್‌ನದು, ಊರಿಗೆಲ್ಲ ಡಿಸ್ಕ್ ಹಂಚುವವನೂ ಅವನೇ. ಕಾರ್ಯದರ್ಶಿ ನೆವಿಲ್ ಬ್ಲೂರ್ ಪೈಪ್ ಕಚ್ಚಿಕೊಂಡು “ಈನಾಕ್, ಏನಾದರೂ ಹೇಳೋದಿದ್ರೆ ಹೇಳು,” ಎಂದ.

ಈನಾಕ್ ಎದ್ದು ನಿಂತ. “ಈ ವೈರಸ್ಸು ಪ್ರತಿ ನಕಲಿನ ಮೇಲೂ ಒಂದು ನಂಬರು ಬರ್ಕೊಳತ್ತೆ. ಒಂದಾದ ಮೇಲೊಂದು ಡಿಸ್ಕಿಗೆ ಹತ್ತಿದ ಹಾಗೆ ನಂಬರೂ ಒಂದೊಂದು ಏರತ್ತೆ. ಮಿಸೆಸ್ ಕೋಕ್ಲಿ ಅವರ ಡಿಸ್ಕಲ್ಲಿ ಹನ್ನೆರಡು, ಹದಿಮೂರು ಇದೆ. ಹನ್ನೊಂದು ಎಲ್ಲಿದೆ? ನನ್ನ ಭಂಡಾರನೆಲ್ಲ ನೋಡ್ದೆ, ಅಲ್ಲಿಲ್ಲ. ಎಲ್ರೂ ನಿಮ್ಮನಿಮ್ಮ ಡಿಸ್ಕ್ ತನ್ನಿ. ಒಂದು ವಾರ ಕೊಡಿ, ಹುಡುಕಿ ಹೇಳ್ತೀನಿ.”

ನ್ಯಾಯವಾದ ಮಾತು. ಒಂದು ವಾರ, ಅಷ್ಟೇ ಕೇಳಿದ್ದು. ಬ್ಲೂರ್ ತಲೆಯಾಡಿಸುವುದರಲ್ಲಿದ್ದ. ನನ್ನ ಜೇಬಿನಲ್ಲಿ ಕದ್ದ ಆಟ ಇನ್ನೂ ಹಾಗೇ ಇತ್ತು. ಅದೇ ಹನ್ನೊಂದು ಎಂದು ನನಗೆ ಆಗ ಗೊತ್ತಿರಲಿಲ್ಲ, ಆಣೆಗೂ ಗೊತ್ತಿರಲಿಲ್ಲ. ಸಿಕ್ಕಿಬಿದ್ದರೆ ಹೊರಗೆ ಹಾಕುತ್ತಾರೆ ಎಂಬುದಷ್ಟೇ ಗೊತ್ತಿತ್ತು. ಭಯ ನನ್ನಲ್ಲಿ ಯಾವಾಗಲೂ ಸಿಟ್ಟಾಗಿಯೇ ಹೊರಬರುತ್ತದೆ.

“ಏನು, ನಮ್ಮನೆಲ್ಲ ಕಳ್ಳರು ಅಂತೀಯಾ?” ಎಂದು ಕೂಗಿದೆ. “ನಿನ್ನ ಯಂತ್ರ, ನಿನ್ನ ಡಿಸ್ಕು, ತಪ್ಪು ಮಾತ್ರ ನಮ್ಮ ಜೇಬಲ್ಲಿ ಹುಡುಕ್ತೀಯಾ? ಎಲ್ಲೆಲ್ಲಿಂದ್ಲೋ ಬಂದ ಕಸನ ಮನೇಲಿ ಗುಡ್ಡೆ ಹಾಕ್ಕೊಂಡು ಊರಿಗೆಲ್ಲ ರೋಗ ಹಂಚಿದೋನು ನೀನು!”

ಹಿಂದಿನ ಸಾಲಿನಿಂದ “ಸರಿಯಾಗಿ ಹೇಳ್ದ” ಎಂದಿತು ಒಂದು ದನಿ, ಆವತ್ತು ಆಟ ನೋಡಿದ್ದ ಗೆಳೆಯನದು. ಇನ್ನೊಂದು ಕೂಡಿಕೊಂಡಿತು. ಅವರಲ್ಲಿ ಎಷ್ಟು ಜನರ ಜೇಬಿನಲ್ಲಿ ಏನೇನಿತ್ತೋ. ಈನಾಕ್ ನನ್ನನ್ನೇ ನೋಡಿದ. ಬಾಯಿ ತೆರೆದ, ಕೆಮ್ಮು ಬಂತು, ಕೂತುಬಿಟ್ಟ. ಕೈಯೆತ್ತಿ ಮತ ಹಾಕಿದರು. ಈನಾಕ್‌ನನ್ನು ಭಂಡಾರದಿಂದ ತೆಗೆಯಬೇಕು, ಡಿಸ್ಕ್‌ಗಳಲ್ಲಿರುವುದನ್ನೆಲ್ಲ ಅಳಿಸಿಹಾಕಬೇಕು. ಮಿಸೆಸ್ ಕೋಕ್ಲಿ ಎಲ್ಲರಿಗಿಂತ ಕೊನೆಗೆ ಕೈಯೆತ್ತಿದರು.

ಅಳಿಸುವ ಕೆಲಸ ನನ್ನದೇ ಆಯಿತು. ನಾನೂ ಪಿಂಗಾಣಿ ಕಾರ್ಖಾನೆಯವನೇ, ಇರುವುದು ಮಣ್ಣು ಕದಡುವ ಮನೆಯಲ್ಲಿ. ಬಿಳಿ ಮಣ್ಣಿನಲ್ಲಿ ಕಬ್ಬಿಣದ ಚೂರೊಂದು ಉಳಿದರೂ ಸುಟ್ಟ ಬಟ್ಟಲಿನ ಮೇಲೆ ಕಂದು ಚುಕ್ಕೆ ಬೀಳುತ್ತದೆ. ಅದನ್ನು ಎಳೆದು ತೆಗೆಯಲು ನಮ್ಮಲ್ಲಿ ದೊಡ್ಡ ಆಯಸ್ಕಾಂತಗಳಿವೆ. ಅವು ತಾಗಿದರೆ ಡಿಸ್ಕಿನಲ್ಲಿದ್ದದ್ದೂ ಅಳಿಸಿಹೋಗುತ್ತದೆ. ಊಟದ ಬಿಡುವಿನಲ್ಲಿ ನಾನೂರು ಚಿಲ್ಲರೆ ಡಿಸ್ಕ್‌ಗಳನ್ನು ಒಂದೊಂದಾಗಿ ಅದಕ್ಕೆ ತೀಡಿದೆ. ಪ್ರತಿಯೊಂದರ ಮೇಲೂ ಈನಾಕ್‌ನ ದುಂಡು ಅಕ್ಷರದಲ್ಲಿ ಪ್ರೋಗ್ರಾಮ್ ಮಾಡಿದವನ ಹೆಸರು, ಊರು. ಅವನ ತಪ್ಪಿಲ್ಲವೆಂದು ತೋರಿಸಬಹುದಾಗಿದ್ದ ಸಾಕ್ಷಿಯೂ ಅವೇ ಆಗಿದ್ದವು. ನಾಲ್ಕು ದಿನ ಹಿಡಿಯಿತು. ಖಾಲಿ ಡಿಸ್ಕ್‌ಗಳನ್ನು ಸದಸ್ಯರಿಗೆ ಹಂಚಿದೆವು. ಖುಷಿಯಿಂದ ಒಯ್ದರು.

ಕ್ರಿಸ್‌ಮಸ್ ಮುಗಿದ ಮೇಲೆ ಒಂದು ಭಾನುವಾರ ಮನೆಯಲ್ಲಿ ಆ ಆಟ ಹಾಕಿದೆ. ಪರದೆಯ ತುಂಬ ‘ಪೆದ್ದ ಪೆದ್ದ ಪೆದ್ದ’. ಡಿಸ್ಕಿನ ಒಳಗನ್ನು ನೋಡುವ ಒಂದು ಪುಟ್ಟ ಪ್ರೋಗ್ರಾಮ್ ಈನಾಕ್ ನನಗೆ ಹಿಂದೆ ಕೊಟ್ಟಿದ್ದ, ನನ್ನ ಪ್ರತಿ ಆಯಸ್ಕಾಂತಕ್ಕೆ ಸಿಕ್ಕಿರಲಿಲ್ಲ. ಪ್ಲಗ್ ಕಿತ್ತೆ. ಜೀವಮಾನದಲ್ಲಿ ಮೊದಲ ಸಲ ಮೂವತ್ತು ಎಣಿಸಿದೆ. ಆ ಪ್ರೋಗ್ರಾಮ್ ಹಾಕಿ ಆಟದ ಡಿಸ್ಕಿನ ನಂಬರು ನೋಡಿದೆ.

ಹನ್ನೊಂದು.

ಮರುದಿನ ಅವನ ಮನೆಗೆ ಹೋದೆ. ಏಡಾ ಬಾಗಿಲು ಅರ್ಧ ತೆರೆದಳು.

“ಇನ್ನೇನು ಒಯ್ಯೋಕೆ ಬಂದೆ? ಫೋನ್ ಒಂದು ಉಳಿದಿದೆ. ಅದೂ ಈಗ ರಿಂಗಾಗಲ್ಲ.”

“ಒಂದು ಮಾತು ಹೇಳ್ಬೇಕಿತ್ತು ಏಡಾ.”

“ನಿನ್ನ ಮಾತು ಹಾಲ್‌ನಲ್ಲೇ ಕೇಳಿಸ್ಕೊಂಡು ಬಂದ ಅವ್ನು. ಮೂರು ದಿನ ಊಟ ಬಿಟ್ಟ.” ಆದರೂ ದಾರಿ ಬಿಟ್ಟಳು.

ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಮೇಜಿನ ಮೇಲೆ ಯಂತ್ರವಿದ್ದ ಜಾಗದಲ್ಲಿ ಏಡಾಳ ಉಲ್ಲನ್ ಬುಟ್ಟಿ. ನಾನು ಬಾಯಿ ಬಿಡುವ ಮೊದಲೇ “ಹನ್ನೊಂದು, ಅಲ್ವಾ?” ಎಂದ.

“ಗೊತ್ತಿತ್ತಾ ನಿಂಗೆ?”

“ಆವತ್ತು ಕೂಗೋವಾಗ ಒಂದು ಕೈಯಲ್ಲಿ ಕೋಟಿನ ಜೇಬು ಅದುಮಿ ಹಿಡ್ದಿದ್ದೆ.”

“ಮತ್ತೆ ಯಾಕಯ್ಯ ಹೇಳ್ಲಿಲ್ಲ? ಅಲ್ಲೇ ನನ್ನ ಕತ್ತು ಹಿಡೀಬಹುದಿತ್ತಲ್ಲ!”

“ಡಿಸ್ಕ್ ನೋಡಿರ್ಲಿಲ್ವಲ್ಲ ನಾನು. ನೋಡ್ದೇ ಹೇಳೋದು ನಿನ್ನ ಕೆಲಸ ಕ್ಲೈವ್, ನಂದಲ್ಲ.”

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಡಿಸ್ಕ್‌ಗಳು ಹೋದ್ವು, ಹೋಗ್ಲಿ,” ಎಂದ ಈನಾಕ್. “ಆ ಹೆಂಗಸು ಎರಡು ಚಳಿಗಾಲ ಮಣ್ಣಲ್ಲಿ ಮಂಡಿಯೂರಿದ್ಲು. ನಾನು ಹಾಳ್ಮಾಡ್ದೆ ಅಂತ್ಲೇ ಅವಳು ನಂಬ್ಕೊಂಡಿರೋದು. ಅದೊಂದನ್ನ ಸರಿ ಮಾಡು. ಗುರುವಾರ ಎದ್ದು ನಿಂತು ಹೇಳು. ನನಗೆ ಬೇರೇನೂ ಬೇಡ.”

“ಹೇಳ್ತೀನಿ. ಆಣೆ.”

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಏಡಾ ಟೀ ಬೇಕೇ ಎಂದು ಕೇಳಲಿಲ್ಲ.

ಆ ಗುರುವಾರ ಹೇಳಬೇಕೆಂದೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನಾನು ಕೋಟು ಬಿಚ್ಚುವಷ್ಟರಲ್ಲಿ ಬ್ಲೂರ್ ಎದ್ದು “ಕಷ್ಟಕಾಲದಲ್ಲಿ ಧೈರ್ಯವಾಗಿ ಮಾತಾಡಿದ್ದು ಒಬ್ಬನೇ ಒಬ್ಬ. ಹೊಸ ಭಂಡಾರ ಕ್ಲೈವ್ ನೋಡ್ಕೊಳ್ಳಿ ಅಂತ ಸಮಿತಿ ತೀರ್ಮಾನ ಮಾಡಿದೆ,” ಎಂದ. ಚಪ್ಪಾಳೆ ತಟ್ಟಿದರು. ಮಿಸೆಸ್ ಕೋಕ್ಲಿಯೂ ತಟ್ಟಿದರು. ನನಗಾಗಿ ಹಿಂದೆಂದೂ ಯಾರೂ ಹಾಗೆ ಚಪ್ಪಾಳೆ ತಟ್ಟಿದವರಿರಲಿಲ್ಲ. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ. ಮುಂದಿನ ವಾರ ಅದರ ಮುಂದಿನ ವಾರ ಎಂದುಕೊಂಡೆ. ಹೀಗೆ ನಾಲ್ಕು ವರ್ಷ.

ಈನಾಕ್ ಕೇಳಿ ಕಳಿಸಲಿಲ್ಲ. ಒಮ್ಮೆ ಓಟ್ಸ್ ದೋಸೆ ಅಂಗಡಿಯ ಮುಂದೆ ಎದುರಾದ. ನಿಂತ. ನಾನು ಮಾತಾಡುತ್ತೇನೋ ಎಂದು ಕಾದ. ಮನಸ್ಸಿನಲ್ಲೇ ಮೂವತ್ತು ಎಣಿಸಿದನೇನೋ, ಅಷ್ಟು ಹೊತ್ತು. ಆಮೇಲೆ ಟೋಪಿ ಸರಿಮಾಡಿಕೊಂಡು ಇಳಿಜಾರಿನಲ್ಲಿ ನಡೆದುಹೋದ.

ಅಂತ್ಯಕ್ರಿಯೆಗೆ ಕ್ಲಬ್ಬಿನಿಂದ ಬಂದವರು ಮೂವರು: ಬ್ಲೂರ್, ಮಿಸೆಸ್ ಕೋಕ್ಲಿ, ನಾನು. ಆಮೇಲೆ ಅದೇ ಹಾಲ್‌ನಲ್ಲಿ ಟೀ, ಹಂದಿಮಾಂಸದ ಸ್ಯಾಂಡ್‌ವಿಚ್. ಏಡಾ ದೂರದ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಇವತ್ತಾದರೂ ಹೇಳುತ್ತಾನೆಯೇ ಎಂಬ ನೋಟ.

ಮಿಸೆಸ್ ಕೋಕ್ಲಿ ಬಟ್ಟಲು ಹಿಡಿದು ನನ್ನ ಪಕ್ಕಕ್ಕೆ ಬಂದರು.

“ಆ ಹೆಸರುಗಳಲ್ಲಿ ಇನ್ನೂರು ಮುನ್ನೂರು ನನಗೆ ಬಾಯಿಗೆ ಬರತ್ತೆ, ಕ್ಲೈವ್. ಉಳಿದದ್ದು ಹೋಯ್ತು. ಬಹಳ ದಿನ ಈನಾಕ್ ಮೇಲೆ ಸಿಟ್ಟಿತ್ತು. ಈಗ ಕ್ಷಮಿಸಿದೀನಿ. ಬೇಕಂತ ಮಾಡಿರಲ್ಲ ಪಾಪ, ಏನೋ ಅಜಾಗರೂಕತೆ. ಅಲ್ವಾ?”

ಏಡಾ ಮಾತು ಕೇಳಿಸುವಷ್ಟು ಹತ್ತಿರವಿರಲಿಲ್ಲ. ಆದರೆ ನನ್ನ ತುಟಿ ಅವಳಿಗೆ ಕಾಣುತ್ತಿತ್ತು.

“ಹೌದು ಮಿಸೆಸ್ ಕೋಕ್ಲಿ,” ಎಂದೆ. “ನಿಮ್ಮದು ದೊಡ್ಡ ಮನಸ್ಸು.”

ಏಡಾ ಎದ್ದಳು. ನನ್ನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅದರಲ್ಲಿ ನಾನು ಕಚ್ಚಿಟ್ಟ ಸ್ಯಾಂಡ್‌ವಿಚ್ ಇನ್ನೂ ಅರ್ಧವಿತ್ತು.