ಶುಕ್ರವಾರದ ಕೆಂಡ

ನಮ್ಮ ಬಣವೆಗೆ ಬೆಂಕಿ ಬಿದ್ದದ್ದು ನಿನ್ನಿಂದಲ್ಲ ಹನುಮಂತಣ್ಣ, ನನ್ನಿಂದ. ಹತ್ತು ವರ್ಷದಿಂದ ನಾಲಿಗೆಯ ತುದಿಗೆ ಬಂದು ಬಂದು ಒಳಗೇ ಇಳಿದುಹೋದ ಮಾತು ಇದು. ಈಗ ಯಾರೂ ಇಲ್ಲದ ಹೊತ್ತು ನೋಡಿ ನಿನಗೆ ಬರೆಯುತ್ತಿದ್ದೇನೆ. ಬಾಗಿಲು ಸದ್ದಾದರೆ ಸಾಕು, ಬೆಚ್ಚಿಬೀಳುತ್ತೇನೆ — ನನ್ನ ಗಂಡ ಬಂದರೇನೋ ಎಂದು.

ಆಗ ನಾನು ಸಾಸ್ವೆಹಳ್ಳಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವತ್ತು ಶುಕ್ರವಾರ. ಅತ್ತೆ ಬಾಣಂತಿ ನೋಡಲು ಹೊನ್ನಾಳಿಗೆ ಹೊರಟವರು, "ಒಲೆ ಆರಿಸಬ್ಯಾಡ" ಎಂದಷ್ಟೇ ಹೇಳಿದ್ದರು. ನಾನು ಆರಿಸಿ ಕೂತಿದ್ದೆ. ಬೆಂಕಿಪೊಟ್ಟಣದಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಕೆಂಡ ಕೇಳೋಣವೆಂದರೆ, ಶುಕ್ರವಾರ ಯಾರು ಮನೆಯ ಬೆಂಕಿ ಹೊರಗೆ ಕೊಡುತ್ತಾರೆ? ಕೇಳಿದ ಸೊಸೆಯ ಮಾನ ಸಂಜೆಯೊಳಗೆ ಊರ ತುಂಬ ಹರಾಜು. ಅದಕ್ಕೇ ಕಮ್ಮಾರನ ಕುಲುಮೆಗೆ ಹೋದೆ. ಅವನು ಊಟಕ್ಕೆ ಎದ್ದುಹೋಗಿದ್ದ. ಒಡೆದ ಹೆಂಚಿನ ಮೇಲೆ ಎರಡು ಕೆಂಡ ಇಟ್ಟುಕೊಂಡು, ಯಾರ ಕಣ್ಣಿಗೂ ಬೀಳಬಾರದೆಂದು ಬೀದಿ ಬಿಟ್ಟು ಹಿತ್ತಲ ಕಡೆಯಿಂದ — ನಮ್ಮ ಬಣವೆಯ ಪಕ್ಕದಿಂದಲೇ — ಬಂದೆ. ಗಾಳಿ ಇತ್ತು. ಒಲೆಯ ಮುಂದೆ ಕೂತು ನೋಡಿದರೆ ಹೆಂಚಿನ ಮೇಲೆ ಉಳಿದಿದ್ದು ಒಂದೇ ಕೆಂಡ. ಎದ್ದು ಹೋಗಿ ನೋಡಬಹುದಿತ್ತು... ನೋಡಲಿಲ್ಲ. ಒಲೆ ಊದುತ್ತ ಕೂತೆ.

ಬಣವೆಯ ಪಕ್ಕದ ಗೂಟಕ್ಕೆ ಕಟ್ಟಿದ್ದ ಎತ್ತು ಹಗ್ಗ ಹರಿದುಕೊಳ್ಳಲಾಗದೆ ಸತ್ತುಹೋಯಿತು. ಅದರ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮಾವ ಬೂದಿಯ ಮುಂದೆ ಕುಸಿದು ಕೂತು ಚಿಕ್ಕ ಮಕ್ಕಳ ಹಾಗೆ ಅತ್ತರು.

ನಮ್ಮ ಮನೆಯಲ್ಲಿ ದುಡಿಯುತ್ತಿದ್ದವನು ನೀನು. ಹಿಂದಿನ ದಿನವಷ್ಟೇ ಬಣವೆ ಹತ್ತಿರ ಬೀಡಿ ಸೇದಿದೆಯೆಂದು ಮಾವ ನಿನ್ನನ್ನು ನಾಲ್ಕು ಜನರ ಮುಂದೆ ಬೈದಿದ್ದರು. "ನಿಮ್ಮ ಬಣವೆ ನೀವೇ ಕಾಯ್ಕಳ್ರಿ ಗೌಡ್ರೆ" ಎಂದು ನೀನು ಟವಲ್ ಕೊಡವಿ ಹೋಗಿದ್ದೆ. ಅಷ್ಟೇ ಸಾಕಾಯಿತು. ಪೊಲೀಸರು ಬಂದರು, ಕೇಸಾಯಿತು. ನಾನು ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿದ್ದೆ.

ಆಮೇಲೆ ಆ ವಕೀಲರು ಬಂದರು — ಸರ್ಕಾರದ ಕಾನೂನು ನೆರವಿನವರು. ಒಳ್ಳೆಯ ಮನುಷ್ಯ. ಶಾಲೆಯ ಜಗಲಿಯಲ್ಲಿ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, ಜೈಲಿಗೆ ಹಾಕಿದರೆ ಯಾರಿಗೂ ಲಾಭವಿಲ್ಲ, ತಪ್ಪು ಮಾಡಿದವನು ಒಪ್ಪಿಕೊಳ್ಳಲಿ, ನೊಂದವರು ಕ್ಷಮಿಸಲಿ, ಇದು ಸರ್ಕಾರದ ಹೊಸ ದಾರಿ ಎಂದರು. "ಮಾಡದಿದ್ದನ್ನ ಹೆಂಗ್ ಒಪ್ಕಳ್ಳಾಕೆ ಆಗ್ತೈತೆ ಸ್ವಾಮಿ?" ಎಂದೆ ನೀನು. ರಾಜಿಯ ಗುರುತಿಗೆ ನೊಂದ ಮನೆಯವರು ಎಲೆಅಡಿಕೆ ಕೊಡಬೇಕಲ್ಲ, ಆ ತಟ್ಟೆ ನನ್ನ ಕೈಯಲ್ಲಿತ್ತು. ನೀನು ತಟ್ಟೆ ನೋಡಲಿಲ್ಲ, ನನ್ನ ಮುಖ ನೋಡಿದೆ.

"ಸಣ್ಣಮ್ಮಾರೆ, ನೀವಾದ್ರೂ ನಂಬ್ತೀರಾ?"

ನನ್ನ ಬಾಯಿಗೆ ಮಣ್ಣು ಹಾಕ! ನಾನು ಹೇಳಿದ್ದೇನು? "ಒಪ್ಕಂಡ್ರೆ ಏನ್ ಗಂಟು ಹೋಗ್ತೈತೆ ಹನುಮಂತಣ್ಣ? ಇಸ್ಕಳಪ್ಪ, ಮುಗೀಲಿ."

ನೀನು ತಲೆ ತಗ್ಗಿಸಿ "ತಪ್ಪಾತು" ಎಂದೆ. ಎಲೆಅಡಿಕೆ ತೆಗೆದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಂಡ ಕೈತಪ್ಪಿ ಬಿದ್ದದ್ದು ನಿಜ. ಆದರೆ ಆ ಮಾತು... ಅದನ್ನು ನಾನು ಬೇಕೆಂದೇ ಆಡಿದೆ.

ಕ್ಷಮಿಸಿದ ಊರು ನಿನ್ನನ್ನು ಹೇಗೆ ನೋಡಿಕೊಂಡಿತೆಂದು ನನಗೆ ಗೊತ್ತು. ನೀನು ಹಾದುಹೋದರೆ ಹೆಂಗಸರು "ಬಣವೆ ಕಡೆ ನೋಡ್ಕಳ್ರೇ" ಎಂದು ಕೂಗುತ್ತಿದ್ದರು. ಯಾರೂ ಕಣಕ್ಕೆ ಕರೆಯಲಿಲ್ಲ. ಕೊನೆಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅವಳ ಊರಿಗೆ, ಜಗಳೂರು ಕಡೆಯ ಸೊಕ್ಕೆಗೆ ಹೊರಟುಹೋದೆ. ಬಸ್ಸು ಹೊರಟಾಗ ನನಗೆ — ಹೇಳಲು ನಾಚಿಕೆಯಾಗುತ್ತದೆ — ಹಾಯೆನಿಸಿತು.

ಈಗ ಸರ್ಕಾರ ಈ ರಾಜಿಯ ಕೆಲಸವನ್ನು ದೊಡ್ಡದಾಗಿ ನಡೆಸುತ್ತಿದೆ. ಚನ್ನಗಿರಿ, ನ್ಯಾಮತಿ ಕಡೆಗೆಲ್ಲ ಜೀಪು ಹೋಗುತ್ತಿದೆಯಂತೆ, ಜಗಳೂರಿಗೂ ಬರುತ್ತದಂತೆ. ಹೋದಲ್ಲೆಲ್ಲ ನಮ್ಮದೇ ಕಥೆ — ಸಾಸ್ವೆಹಳ್ಳಿಯಲ್ಲಿ ಯಾರೂ ಜೈಲಿಗೆ ಹೋಗದೆ ಎರಡು ಮನೆ ಕೂಡಿದವು ಎಂದು! ಬರುವ ಶನಿವಾರ ಹೊನ್ನಾಳಿಯಲ್ಲಿ ಸಭೆ. ನಿನ್ನನ್ನೂ ಕರೆಸುತ್ತಾರಂತೆ. ಮಾವ ತೀರಿಕೊಂಡರು, ಅತ್ತೆಗೆ ಕಣ್ಣು ಕಾಣದು. ಅವತ್ತು ತಟ್ಟೆ ಹಿಡಿದವಳು ನಾನಲ್ಲವೇ, ನಮ್ಮ ಮನೆಯ ಪರವಾಗಿ ನಾನೇ ಮಾತಾಡಬೇಕಂತೆ.

ಕೇಳಿದಾಗಿನಿಂದ ಅನ್ನ ಇಳಿಯುತ್ತಿಲ್ಲ. ನಿಜ ಹೇಳಿದರೆ ಅಂಥ ಒಳ್ಳೆಯ ಕೆಲಸಕ್ಕೇ ಕೆಟ್ಟ ಹೆಸರು ಬರುತ್ತದಲ್ಲ ಎಂಬ ನೆಪವನ್ನೂ ಹುಡುಕಿದೆ. ಸುಳ್ಳು. ನನಗಿರುವುದು ನನ್ನ ಭಯ ಮಾತ್ರ. ಗಂಡ ಮನೆಯಲ್ಲಿ ಇಟ್ಟುಕೊಳ್ಳುತ್ತಾನೋ, ಅಟ್ಟುತ್ತಾನೋ. ಮಗಳು ಮುಖ ನೋಡುತ್ತಾಳೋ ಇಲ್ಲವೋ... ಗೊತ್ತಿಲ್ಲ.

ಆದರೂ ಶನಿವಾರ ಎದ್ದು ನಿಲ್ಲುತ್ತೇನೆ. ನಿನಗೆ ಹೇಳಿದ್ದನ್ನೇ ಅಲ್ಲಿ ಎಲ್ಲರ ಮುಂದೆ ಹೇಳಿ, ಎಲೆಅಡಿಕೆಯ ತಟ್ಟೆ ನಿನ್ನ ಮುಂದೆ ಇಡುತ್ತೇನೆ — ಈಗ ನೊಂದವನು ನೀನು, ಕೊಡಬೇಕಾದವನೂ ನೀನೇ. ಮುಟ್ಟಬೇಕೆಂದು ಯಾರೂ ನಿನ್ನನ್ನು ಒತ್ತಾಯಿಸಬಾರದು, ನಾನಂತೂ ಬಾಯಿ ತೆರೆಯುವುದಿಲ್ಲ. ಅವತ್ತು ಬೇಡವೆನ್ನಲು ನಿನ್ನನ್ನು ನಾನು ಬಿಡಲಿಲ್ಲ ಹನುಮಂತಣ್ಣ. ಈ ಸಲ ಬೇಡವೆನ್ನು, ಕೇಳಿಸಿಕೊಳ್ಳುತ್ತೇನೆ.