ಲೀಲಕ್ಕನ ಜೋಡಿ ಸ್ಪೀಕರು ಮತ್ತು ನನ್ನ ಟೆಸ್ಟ್ ಕ್ಯಾಸೆಟ್

1978ರಲ್ಲಿ ನಾನು ಮಂಗಳೂರಿನ ಬಿಜೈಯಲ್ಲಿ ಎರಡು ಕೋಣೆಯ ಒಂದು ರೇಡಿಯೋ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಆಗ ನನಗೆ ಮೂವತ್ತೊಂದು ವರ್ಷ. ಗುತ್ತಿನ ಮನೆಯಲ್ಲಿ, ಅಂದರೆ ಊರಿನ ದೊಡ್ಡ ಜಮೀನ್ದಾರ ಮನೆತನದಲ್ಲಿ, ಹುಟ್ಟಿದವನು ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತದ್ದು ನನ್ನ ಸೋದರಮಾವನಿಗೆ ಸರಿಕಂಡಿರಲಿಲ್ಲ. "ಒಂದು ಹೋಟೆಲಾದರೂ ಇಡು ಮಾರಾಯ, ನಾಲ್ಕು ಜನ ಉಂಡು ಹೆಸರು ಹೇಳ್ತಾರೆ" ಎನ್ನುತ್ತಿದ್ದರು. ನಾನು ಕೇಳಲಿಲ್ಲ. ನನಗೆ ನನ್ನ ಕಿವಿಯ ಮೇಲೆ ಅಷ್ಟು ಅಹಂಕಾರ. ಮುಚ್ಚಿದ ಬಾಗಿಲಿನ ಆಚೆ ಹಾಡುತ್ತಿರುವ ಸ್ಪೀಕರಿನ ಯಾವ ಭಾಗ ಕೆಟ್ಟಿದೆ ಎಂದು ಹೊರಗಿನಿಂದಲೇ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಂಡದ್ದೂ ಉಂಟು.

ಗಲ್ಫಿನಿಂದ ಸ್ಟೀರಿಯೋಗಳು ಬಂದಿಳಿಯುತ್ತಿದ್ದ ಕಾಲ ಅದು. ಸಣ್ಣ ಟೇಪ್ ರೆಕಾರ್ಡರುಗಳನ್ನು ಜನ ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ತರುತ್ತಿದ್ದರು. ನೆಲದ ಮೇಲೆ ನಿಲ್ಲುವ ದೊಡ್ಡ ಸ್ಪೀಕರುಗಳನ್ನು ಹಾಗೆ ತರಲಾಗುವುದಿಲ್ಲ, ನಾನೇ ಅವುಗಳ ಮನೆಗೆ ಹೋಗಬೇಕು. ಒಂದು ಚೀಲದಲ್ಲಿ ಮಲ್ಟಿಮೀಟರ್, ಕಡ್ಡಿ, ಸ್ಕ್ರೂ ಡ್ರೈವರು, ಜೊತೆಗೆ ನನ್ನ ಟೆಸ್ಟ್ ಕ್ಯಾಸೆಟ್. ಆ ಕ್ಯಾಸೆಟ್ಟನ್ನು ನಾನೇ ತಯಾರಿಸಿದ್ದೆ. ಮೊದಲು ತಗ್ಗಿನಿಂದ ತಾರಕದವರೆಗೆ ಏರುವ ಒಂದು ಸ್ವರ, ಆಮೇಲೆ ಮೃದಂಗ, ವೀಣೆ, ಒಬ್ಬ ಹೆಂಗಸಿನ ಮಾತು. ಯಾವ ಮನೆಗೆ ಹೋದರೂ ಮೊದಲು ಅದನ್ನೇ ಹಾಕುತ್ತಿದ್ದೆ. ಗಿರಾಕಿಯ ಕ್ಯಾಸೆಟ್ಟಿನಲ್ಲಿ ಯಾವ ಕೊಳೆ ಇದೆಯೋ, ಅದನ್ನು ನಂಬಿ ಸ್ಪೀಕರನ್ನು ಅಳೆಯಬಾರದು ಎಂಬುದು ನಾನೇ ಮಾಡಿಕೊಂಡ ನಿಯಮ. ಹೇಳಿಕೊಳ್ಳಲು ಬಹಳ ಒಳ್ಳೆಯ ನಿಯಮ.

ಆ ವರ್ಷದ ಮಳೆಗಾಲ ಮುಗಿಯುವಾಗ ಸುರತ್ಕಲ್ಲಿನಿಂದ ಕರೆ ಬಂತು. ಮನೆ ಲೀಲಕ್ಕನದು. ಆಕೆಯ ಗಂಡ ವಾಮನ ಬಹರೇನಿನ ಬಂದರಿನಲ್ಲಿ ಕ್ರೇನ್ ಎಲೆಕ್ಟ್ರಿಷಿಯನ್. ಮನೆಯಲ್ಲಿ ಲೀಲಕ್ಕ ಮತ್ತು ಅತ್ತೆ ಗಿರಿಜಮ್ಮ, ಇಬ್ಬರೇ. ಹಿಂದಿನ ವರ್ಷ ರಜೆಯಲ್ಲಿ ಬಂದಾಗ ವಾಮನ ಒಂದು ಜೋಡಿ ಜಪಾನೀ ಸ್ಪೀಕರು ತಂದಿದ್ದ. ಹಡಗಿನಲ್ಲಿ ಬೊಂಬಾಯಿ, ಅಲ್ಲಿಂದ ಲಾರಿಯಲ್ಲಿ ಸುರತ್ಕಲ್. ಒಂದೊಂದೂ ನನ್ನ ಸೊಂಟಕ್ಕಿಂತ ಎತ್ತರ, ಮೂವತ್ತೆರಡು ಕಿಲೋ ತೂಕ. ಒಳಗೆ ಹದಿನೈದು ಇಂಚಿನ ವೂಫರ್, ಅಂದರೆ ತಗ್ಗಿನ ಸ್ವರಗಳನ್ನು ನುಡಿಸುವ ದೊಡ್ಡ ಕಾಗದದ ಬಟ್ಟಲು. ಅದರ ಬೆನ್ನಿಗೆ ಎರಡು ಕಿಲೋದ ಮ್ಯಾಗ್ನೆಟ್. ಅಂಥ ಪೆಟ್ಟಿಗೆಯನ್ನು ಅದುವರೆಗೆ ನಾನು ಮುಟ್ಟಿರಲಿಲ್ಲ.

"ಹಾಡು ಕೇಳ್ಲಿಕ್ಕೆ ಇಷ್ಟು ದೊಡ್ಡದು ಯಾಕೆ ಅಕ್ಕ?" ಎಂದೆ, ತಮಾಷೆಗೆ.

"ಹಾಡು ಯಾರು ಕೇಳ್ತಾರೆ ಶೆಟ್ರೇ? ಇವರು ಮಾತಾಡುದು ಕೇಳ್ಲಿಕ್ಕೆ. ಅತ್ತೆಗೆ ಕಿವಿ ಮಂದ ಉಂಟು. ಇದರಲ್ಲಿ ಹಾಕಿದ್ರೆ ಮಗ ಚಾವಡಿಯಲ್ಲೇ ಕೂತು ಮಾತಾಡಿದ ಹಾಗೆ ಆಗ್ತದೆ."

ಆಗ ಗಲ್ಫಿನ ಮನೆಗಳಲ್ಲಿ ಕ್ಯಾಸೆಟ್ ಕಾಗದ ಎಂಬುದೊಂದು ರೂಢಿ ಇತ್ತು. ಮಾತನ್ನು ಟೇಪಿನಲ್ಲಿ ತುಂಬಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುವುದು. ನಮ್ಮ ಕಡೆ ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಾವು ಮಾತಾಡುವುದು ತುಳು, ಕಾಗದ ಬರೆಯುವುದು ಕನ್ನಡ. ವಾಮನನ ಕಾಗದಗಳು ಶಾಲೆಯಲ್ಲಿ ಕಲಿಸಿದ ಹಾಗೆ "ನಾನು ಇಲ್ಲಿ ಕ್ಷೇಮ" ಎಂದು ಶುರುವಾಗಿ, ಒಂದು ಪುಟದಲ್ಲಿ ಮುಗಿಯುತ್ತಿದ್ದವು. ಕ್ಯಾಸೆಟ್ಟಿನಲ್ಲಿ ಅವನು ತುಳುವಿನಲ್ಲಿ ಒಂದು ಗಂಟೆ ಮಾತಾಡುತ್ತಿದ್ದ. ಬೇರೆ ಮನೆಗಳಲ್ಲಿ ಬಂದ ಕ್ಯಾಸೆಟ್ಟಿನ ಮೇಲೆಯೇ ತಮ್ಮ ಉತ್ತರ ತುಂಬಿ ವಾಪಸ್ ಕಳಿಸುತ್ತಿದ್ದರು. ಲೀಲಕ್ಕ ಹಾಗೆ ಮಾಡಲಿಲ್ಲ. ಉತ್ತರಕ್ಕೆ ಹೊಸ ಕ್ಯಾಸೆಟ್ಟೇ ಆಗಬೇಕು. "ಇವರ ಸ್ವರ ಅಳಿಸಿ ಅದರ ಮೇಲೆ ನಾನು ಮಾತಾಡುದಾ? ನನ್ನಿಂದಾಗದು" ಎಂದಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವ ಮಾತುಗಳನ್ನೆಲ್ಲ ನಾವು ಆಡಿದ್ದು ತುಳುವಿನಲ್ಲಿಯೇ.

ಸ್ಪೀಕರಿನ ಕಾಯಿಲೆ ದೊಡ್ಡದೇನಲ್ಲ. ಸಮುದ್ರ ಹತ್ತಿರ, ಮಳೆಗಾಲದ ತೇವಕ್ಕೆ ವೂಫರಿನ ಕಾಗದಕ್ಕೆ ಬೂಸ್ಟು ಹಿಡಿದಿತ್ತು. ಒರೆಸಿ ಒಣಗಿಸಿದೆ. ಕಪಾಟಿನ ರೇಷ್ಮೆ ಸೀರೆಗೆ ಬೂಸ್ಟು ಬಾರದಂತೆ ನಮ್ಮ ಮನೆಗಳಲ್ಲಿ ಒಂದು ಸಣ್ಣ ಬಲ್ಬು ಉರಿಸಿಡುವ ಕ್ರಮ ಉಂಟಲ್ಲ, ಅದನ್ನೇ ಇಲ್ಲಿಯೂ ಮಾಡಿದೆ. ಎರಡೂ ಪೆಟ್ಟಿಗೆಗಳ ಹಿಂದಿನ ಹಲಗೆಯ ಸ್ಕ್ರೂ ತೆಗೆದು, ಬಾಗಿಲಿನ ಹಾಗೆ ತೆರೆಯುವಂತೆ ಕೊಂಡಿ ಹಾಕಿ, ಒಳಗೆ ತಳದಲ್ಲಿ ಹದಿನೈದು ವಾಟಿನ ಬಲ್ಬು ಕೂರಿಸಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಉರಿಸಿ ಎಂದು ಹೇಳಿದೆ. ಈ ಉಪಾಯ ಯಾವ ಪುಸ್ತಕದಲ್ಲೂ ಇಲ್ಲ, ನನ್ನದೇ. ಬಸ್ಸಿನಲ್ಲಿ ಮರಳುವಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುವರ್ಷ ಜುಲೈಯಲ್ಲಿ ಬಲ್ಬು ಹೋಯಿತೆಂದು ಕರೆದರು. ಹಲಗೆ ತೆರೆದು ನೋಡಿದರೆ ವೂಫರಿನ ಮ್ಯಾಗ್ನೆಟ್ಟಿಗೆ ಬಟ್ಟೆಯ ಚೀಲವೊಂದು ನೇತಾಡುತ್ತಿದೆ. ಒಳಗೆ ಹಲಸಿನ ಹಪ್ಪಳ! ನಾನು ನಕ್ಕುಬಿಟ್ಟೆ. ಗಿರಿಜಮ್ಮನೂ ನಕ್ಕರು. "ಇಡೀ ಮನೆಯಲ್ಲಿ ಮಳೆಗಾಲದ ತೇವಕ್ಕೆ ಚಂಡಿ ಆಗದ ಜಾಗ ಅಂದ್ರೆ ಅದೊಂದೇ" ಎಂದಳು ಲೀಲಕ್ಕ, ನಾಚಿಕೊಂಡು.

"ಹಪ್ಪಳ ತೆಗೀರಿ ಅಕ್ಕ, ತಗ್ಗಿನ ಸ್ವರ ಬರುವಾಗ ಪರಪರ ಅಂತದೆ" ಎಂದು ಗದರಿದೆ. ತಕ್ಷಣ ತೆಗೆದಳು. ಮಾತು ಕೇಳುವ ಹೆಂಗಸು. ಮ್ಯಾಗ್ನೆಟ್ ಅಂದರೆ ಏನು, ಅದು ಯಾವುದನ್ನು ಹಾಳುಮಾಡುತ್ತದೆ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ನನಗೆ ಬಿಜೈಗೆ ಹೋಗುವ ಬಸ್ಸಿನ ಅವಸರ.

1981ರಲ್ಲಿ ಮೂರನೆಯ ಸಲ ಹೋದೆ. ಈ ಸಲದ ದೂರು ವಿಚಿತ್ರವಾಗಿತ್ತು.

"ಇವರ ಸ್ವರ ಬಂದು ಬಂದು ಹೋಗ್ತದೆ ಶೆಟ್ರೇ. ಒಂದು ಮಾತು ಕೇಳ್ತದೆ, ಮತ್ತೊಂದು ಕೇಳುದಿಲ್ಲ. ತೊಟ್ಟಿಲು ತೂಗಿದ ಹಾಗೆ."

ನಾನು ಪದ್ಧತಿಯಂತೆ ನನ್ನ ಕ್ಯಾಸೆಟ್ ಹಾಕಿದೆ. ಏರುವ ಸ್ವರ, ಮೃದಂಗ, ವೀಣೆ, ಮಾತು. ಎಲ್ಲವೂ ಸ್ಫಟಿಕದಂತೆ. ಹಿಂದಿನ ಹಲಗೆ ತೆರೆಯುವ ಅಗತ್ಯವೇ ಕಾಣಲಿಲ್ಲ.

"ಸ್ಪೀಕರಿನಲ್ಲಿ ಎಂತ ದೋಷವೂ ಇಲ್ಲ" ಎಂದೆ. "ಅಲ್ಲಿ ರೆಕಾರ್ಡ್ ಮಾಡುವಾಗಲೇ ಹಾಗೆ ಆಗಿರಬೇಕು. ಇಲ್ಲದಿದ್ರೆ ನಮ್ಮ ಕರೆಂಟಿನ ವೋಲ್ಟೇಜು."

"ಇವರದ್ದೊಂದು ಕ್ಯಾಸೆಟ್ ಹಾಕಿ ತೋರಿಸ್ಲಾ?"

"ಬೇಡ ಅಕ್ಕ. ಅದರಿಂದ ಗೊತ್ತಾಗುದಿಲ್ಲ."

ಅವಳು ಒಪ್ಪಿಕೊಂಡಳು. ಬಂದವನು ಕಲಿತವನು, ಒಪ್ಪದೆ ಏನು ಮಾಡಬೇಕು? ಮತ್ತೆ ಮತ್ತೆ ಹಾಕಿದ್ದರಿಂದಲೇ ಟೇಪು ಸವೆದಿರಬಹುದೆಂದು ಹೆದರಿ, ಅಂದಿನಿಂದ ಹಳೆಯ ಕ್ಯಾಸೆಟ್ಟುಗಳನ್ನು ಹಾಕುವುದನ್ನೇ ನಿಲ್ಲಿಸಿದಳಂತೆ. ಹೊಸತು ಬಂದರೆ ಅತ್ತೆಗೆ ಎರಡು ಸಲ ಕೇಳಿಸಿ ಜೋಪಾನವಾಗಿ ಎತ್ತಿಡುವುದು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

1983ರಲ್ಲಿ ವಾಮನ ತೀರಿಕೊಂಡ. ಕೆಲಸ ಮುಗಿಸಿ ಬಂದು ಕ್ಯಾಂಪಿನ ಮಂಚದಲ್ಲಿ ಮಲಗಿದವನು ಏಳಲಿಲ್ಲ. ಮೂವತ್ತೊಂಬತ್ತು ವರ್ಷ. ಸಂಸ್ಕಾರ ಅಲ್ಲಿಯೇ ಆಯಿತು. ತಾಯಿಗಾಗಲಿ ಹೆಂಡತಿಗಾಗಲಿ ಮುಖ ನೋಡಲು ಸಿಗಲಿಲ್ಲ. ಹದಿನಾರನೆಯ ದಿನದ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ನನಗೂ ಹೇಳಿಕಳಿಸಿದರು. ಗಿರಿಜಮ್ಮನದು ಒಂದೇ ಹಟ: ಮುಖವಂತೂ ಕಾಣಲಿಲ್ಲ, ಮಗನ ಸ್ವರವನ್ನಾದರೂ ಒಮ್ಮೆ ಕೇಳಿಸಿ, ಆಮೇಲೆಯೇ ಎಲೆಯ ಮುಂದೆ ಕೂರುತ್ತೇನೆ.

ಬೆಳಿಗ್ಗೆ ಹತ್ತು ಗಂಟೆಗೆ ಹೋದೆ. ಚಾವಡಿ ತುಂಬ ನೆಂಟರು. ಗಿರಿಜಮ್ಮನನ್ನು ಎರಡು ಸ್ಪೀಕರುಗಳ ನಡುವೆ ಕುರ್ಚಿಯಲ್ಲಿ ಕೂರಿಸಿದ್ದರು. ನಾನು ತಂತಿಗಳನ್ನು ನೋಡಿ, ಟೇಪ್ ರೆಕಾರ್ಡರಿನ ಹೆಡ್ ಒರೆಸಿ, "ಕ್ಯಾಸೆಟ್ ಕೊಡಿ ಅಕ್ಕ" ಎಂದೆ. ಲೀಲಕ್ಕ ಎದ್ದು ಎಡಗಡೆಯ ಸ್ಪೀಕರಿನ ಹಿಂದೆ ಹೋಗಿ ಬಗ್ಗಿದಳು. ಕೊಂಡಿ ತೆಗೆದ ಸದ್ದು ಕೇಳಿತು. ಹೋಗಿ ನೋಡಿದೆ. ಮ್ಯಾಗ್ನೆಟ್ಟಿಗೆ ಅದೇ ಬಟ್ಟೆಯ ಚೀಲ ನೇತುಬಿದ್ದಿತ್ತು. ಹಪ್ಪಳ ಇದ್ದ ಚೀಲ. ಒಳಗೆ ಇಪ್ಪತ್ತಮೂರು ಕ್ಯಾಸೆಟ್.

ಟೇಪಿನ ಮೇಲಿನ ಮಾತು ಎಂದರೆ ಮ್ಯಾಗ್ನೆಟ್ಟಿನಿಂದ ಬರೆದ ಅಕ್ಷರ. ಅದಕ್ಕಿಂತ ಬಲವಾದ ಮ್ಯಾಗ್ನೆಟ್ ತಗಲಿದರೆ ಅಳಿಸಿಹೋಗುತ್ತದೆ. ಸುರುಳಿಯ ಒಂದು ಮಗ್ಗುಲು ಮಾತ್ರ ಅಳಿಸಿದರೆ, ಸುರುಳಿ ತಿರುಗಿದಂತೆಲ್ಲ ಸ್ವರ ಬರುತ್ತದೆ, ಹೋಗುತ್ತದೆ. ತೊಟ್ಟಿಲು ತೂಗಿದ ಹಾಗೆ. ನನ್ನ ಕಸುಬಿನ ಮೊದಲ ಪಾಠ ಇದು. ಎರಡು ವರ್ಷದ ಹಿಂದೆ ಅವಳ ಒಂದೇ ಒಂದು ಕ್ಯಾಸೆಟ್ಟನ್ನು ಅರ್ಧ ನಿಮಿಷ ಕೇಳಿದ್ದರೆ ನನಗೆ ಗೊತ್ತಾಗುತ್ತಿತ್ತು. ಉಳಿದವನ್ನು ಉಳಿಸಬಹುದಿತ್ತು, ಆಮೇಲೆ ಬಂದವುಗಳೂ ಉಳಿಯುತ್ತಿದ್ದವು.

ಒಂದೊಂದಾಗಿ ಹಾಕಿದೆ. ಸುಯ್ ಎನ್ನುವ ಸದ್ದು. ನಡುವೆ ಎಲ್ಲೋ ಅರ್ಧ ಅಕ್ಷರ, ಒಂದು ಕೆಮ್ಮು. ಹದಿನೇಳನೆಯದರಲ್ಲಿ "ಅಮ್ಮಾ" ಎಂದಂತೆ ಕೇಳಿತು, ಖಚಿತವಾಗಿ ಹೇಳಲಾರೆ. ಗಿರಿಜಮ್ಮ ಸ್ಪೀಕರಿನ ಬಟ್ಟೆಗೆ ಕಿವಿ ಇಟ್ಟು ಕೂತಿದ್ದರು. "ಎಂತ ಇವನು ಮಾತಾಡುದೇ ಇಲ್ಲ? ಸಿಟ್ಟಾ?" ಎಂದು ಸೊಸೆಯನ್ನು ಕೇಳಿದರು.

ನಾನು ಲೀಲಕ್ಕನನ್ನು ಹಿತ್ತಿಲಿಗೆ ಕರೆದು ವಿಷಯ ಹೇಳಿದೆ. ಮುಚ್ಚಿಡಲು ಮನಸ್ಸು ಬರಲಿಲ್ಲ. ಅವಳು ಬಾವಿಯ ಕಟ್ಟೆ ಹಿಡಿದುಕೊಂಡಳು.

"ಹಪ್ಪಳ ಇಡಬೇಡಿ ಅಂದಿರಿ, ತೆಗೆದೆ ಶೆಟ್ರೇ. ಇದನ್ನು ಇಡಬಾರದು ಅಂತ ನೀವು ಹೇಳ್ಲಿಲ್ಲ ಅಲ್ವಾ?"

ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು, ತನ್ನ ನೆನಪು ಸರಿಯೋ ಅಲ್ಲವೋ ಎಂದು. "ಹೇಳಲಿಲ್ಲ ಅಕ್ಕ" ಎಂದೆ. ಅವಳು ಒಳಗೆ ಹೋಗಿ ಅತ್ತೆಯನ್ನು ಎಬ್ಬಿಸಿ, ಕೈ ಹಿಡಿದು ಎಲೆಯ ಮುಂದೆ ಕೂರಿಸಿದಳು. ನಾನು ಊಟ ಮಾಡದೆ ಹೊರಟುಬಂದೆ. ದಾರಿಯಲ್ಲಿ ಬಸ್ಸಿನ ಕಿಟಕಿಗೆ ಮುಖ ಹಾಕಿ ಅತ್ತುಬಿಟ್ಟೆ. ಆ ಇಪ್ಪತ್ತಮೂರನ್ನೂ ಅಂಗಡಿಗೆ ತಂದು ಒಂದು ತಿಂಗಳು ಹೆಣಗಿದೆ. ಅಳಿಸಿದ್ದನ್ನು ಬರೆಯುವ ಯಂತ್ರ ಇಲ್ಲ.

ಆ ಮೇಲೆ ನಾನು ಯಾವ ಮನೆಗೆ ಹೋದರೂ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದೆ: ನೀವು ಇದರಲ್ಲಿ ಏನು ಕೇಳುತ್ತೀರಿ, ಅದನ್ನು ಹಾಕಿ. ಯಂತ್ರ ಸರಿ ಇದೆಯೇ ಎಂದು ನೋಡಿದರೆ ಕೆಲಸ ಮುಗಿಯಲಿಲ್ಲ, ಅದು ಯಾವುದಕ್ಕಾಗಿ ಅಲ್ಲಿದೆ ಎಂದು ಕೇಳಬೇಕು. ಬಲ್ಬು ಇಟ್ಟವನು ಆ ಬೆಚ್ಚಗಿನ ಜಾಗದಲ್ಲಿ ಜನ ಏನನ್ನು ತಂದು ಇಡಬಹುದು ಎಂದೂ ಯೋಚಿಸಬೇಕು. ನನ್ನ ಕಸುಬು ನನಗೆ ಕಲಿಸಿದ್ದು ಇಷ್ಟೇ. ಶುಲ್ಕ ಕಟ್ಟಿದ್ದು ಮಾತ್ರ ಬೇರೆಯವರು.

1988ರಲ್ಲಿ ಲೀಲಕ್ಕ ಮತ್ತೆ ಕರೆಸಿದಳು. ಗಿರಿಜಮ್ಮ ಆಗ ಇರಲಿಲ್ಲ. ಹತ್ತು ವರ್ಷದ ಉಪ್ಪುಗಾಳಿಗೆ ವೂಫರಿನ ಅಂಚಿನ ಫೋಮು ಪುಡಿಯಾಗಿ ಉದುರಿತ್ತು. ಎಲ್ಲ ದೊಡ್ಡ ಸ್ಪೀಕರುಗಳಿಗೂ ವಯಸ್ಸಾದಾಗ ಬರುವ ಕಾಯಿಲೆ ಅದು. ಮೆತ್ತಗಿನ ಆಡಿನ ಚರ್ಮ ಕತ್ತರಿಸಿ ಎರಡು ದಿನ ಕೂತು ಅಂಟಿಸಿದೆ. ಮುಗಿದ ಮೇಲೆ ಕೇಳಿದೆ: "ನೀವು ಇದರಲ್ಲಿ ಈಗ ಎಂತ ಕೇಳುದು ಅಕ್ಕ?"

ಅವಳು ಒಳಗಿನಿಂದ ಒಂದು ಬೆತ್ತದ ಬುಟ್ಟಿ ತಂದಳು. ವಾಮನನ ಪೆಟ್ಟಿಗೆ ಬಹರೇನಿನಿಂದ ಬಂದಾಗ ಅದರಲ್ಲಿ ಅವನ ಲುಂಗಿಯಲ್ಲಿ ಸುತ್ತಿದ ಹತ್ತೊಂಬತ್ತು ಕ್ಯಾಸೆಟ್ ಇದ್ದವಂತೆ. ಎಲ್ಲ ಅವಳೇ ಕಳಿಸಿದ ಉತ್ತರಗಳು. ಒಂದಕ್ಕೂ ಏನೂ ಆಗಿರಲಿಲ್ಲ.

"ನಾನು ಹೇಳಿದ್ದು ಕೇಳಿದ್ರೆ, ಇವರು ಎಂತ ಕೇಳಿದ್ರು ಅಂತ ನೆನಪಾಗ್ತದೆ" ಎಂದಳು.

1979ರ ಒಂದು ಕ್ಯಾಸೆಟ್ಟನ್ನು ಅವಳೇ ಹಾಕಿದಳು. ಚಾವಡಿಯ ತುಂಬ ಒಂಬತ್ತು ವರ್ಷ ಚಿಕ್ಕವಳಾದ ಲೀಲಕ್ಕನ ಸ್ವರ, ತುಳುವಿನಲ್ಲಿ, ನಗುನಗುತ್ತ: ಅತ್ತೆಗೆ ಸೌಖ್ಯ. ಶೆಟ್ರು ಬಂದಿದ್ದರು, ಹಪ್ಪಳ ನೋಡಿ ಬೈದರು. ಈಗ ಆ ಬೆಚ್ಚಗಿನ ಜಾಗದಲ್ಲಿ ನಿಮ್ಮ ಕ್ಯಾಸೆಟ್ ಎಲ್ಲ ಇಟ್ಟಿದ್ದೇನೆ. ಎಷ್ಟು ಮಳೆ ಬಂದರೂ ನಿಮ್ಮ ಸ್ವರಕ್ಕೆ ಇನ್ನು ಎಂತದೂ ಆಗುವುದಿಲ್ಲ, ನೀವು ಹೆದರಬೇಡಿ.

ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಸ್ಪೀಕರಿನಲ್ಲಿ ಯಾವ ದೋಷವೂ ಇರಲಿಲ್ಲ.